ಮೊದಲು ದೇಶ, ಆಮೇಲೆ ಕೋರ್ಸು, ಕೊನೆಗೆ ದುಡ್ಡು

ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಟಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯುವಜನರಿಗೂ ಅವರ ಹೆತ್ತವರಿಗೂ ಒಂದು ಮನವಿ

ತಮ್ಮಂದಿರೇ, ತಂಗಿಯರೇ, ಮಕ್ಕಳ ಮುಂದಿನ ದಾರಿಗೆ ದುಡ್ಡು ಹೊಂದಿಸುತ್ತಿರುವ ಅಪ್ಪ ಅಮ್ಮಂದಿರೇ,

ಆ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಮನೆಯಲ್ಲೇ ಕೂತು 120 ಗಂಟೆಯ ಟೆಫ್ಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ) ಕೋರ್ಸು ಮುಗಿಸಿ, ಥಾಯ್ಲೆಂಡ್, ವಿಯೆಟ್ನಾಂ, ಕೊರಿಯಾ, ದುಬೈ ಎಲ್ಲಿ ಬೇಕಾದರೂ ಇಂಗ್ಲಿಷ್ ಮೇಷ್ಟ್ರಾಗಿ, ತಿಂಗಳಿಗೆ ಲಕ್ಷ ಎಣಿಸಿ ಎನ್ನುತ್ತದೆ. 24,999 ರೂಪಾಯಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 4,999 ಎಂದು ಬರೆದಿರುತ್ತಾರೆ. ಮೇಲೆ ಕೆಂಪು ಗಡಿಯಾರ ಓಡುತ್ತಿರುತ್ತದೆ: ಇನ್ನು ಹದಿನೈದೇ ನಿಮಿಷ. ಅದೇ ಪುಟವನ್ನು ಮನೆಯವರ ಇನ್ನೊಂದು ಮೊಬೈಲಿನಲ್ಲಿ ತೆರೆದು ನೋಡಿ. ಗಡಿಯಾರ ಮತ್ತೆ ಹದಿನೈದರಿಂದ ಶುರುವಾದರೆ ಆ ಅವಸರ ನಿಮ್ಮನ್ನು ಯೋಚಿಸಲು ಬಿಡಬಾರದೆಂದು ಹುಟ್ಟಿಸಿದ್ದು. ಆ ಪುಟವನ್ನು ಅಲ್ಲಿಗೇ ಮುಚ್ಚಿ.

ನಾವು ಯಾವ ಕೋರ್ಸನ್ನೂ ಮಾರುವವರಲ್ಲ. ಇದೇ ಸೀಮೆಯ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಹೊರದೇಶಕ್ಕೆ ಹೋಗಬೇಡಿ ಎನ್ನಲು ಈ ಕಾಗದ ಹಂಚುತ್ತಿಲ್ಲ. ಹೋಗಿ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾಕ್ಕೆ, ಭೂತಾನಿಗೆ, ಮಾಲ್ಡೀವ್ಸಿಗೆ, ಕೊಲ್ಲಿ ದೇಶಗಳಿಗೆ ನಮ್ಮ ದೇಶದ ಮೇಷ್ಟ್ರುಗಳು ಹೋಗಿ ಅಲ್ಲಿನ ತಲೆಮಾರುಗಳನ್ನೇ ಓದಿಸಿದ್ದಾರೆ. ಆದರೆ ಅವರ ಕೈಯಲ್ಲಿ ಪದವಿ ಇತ್ತು, ಶಿಕ್ಷಕರ ತರಬೇತಿ ಇತ್ತು, ತರಗತಿಯಲ್ಲಿ ನಿಂತ ಅನುಭವ ಇತ್ತು. ಇವತ್ತು ನಿಮಗೆ ಮಾರುತ್ತಿರುವುದು ಈ ಮೂರೂ ಇಲ್ಲದ ಒಂದು ಪಿಡಿಎಫ್. ಅದಕ್ಕೆ ಹೋಗುವುದು ಎರಡು ಬೆಳೆ ರೇಷ್ಮೆಯ ದುಡ್ಡು, ಡೈರಿಯ ಬಟವಾಡೆ, ಸ್ವಸಹಾಯ ಸಂಘದಲ್ಲಿ ಅಮ್ಮ ಎತ್ತಿದ ಸಾಲ. ಅದಕ್ಕೇ ಹೇಳುತ್ತಿದ್ದೇವೆ: ಮೊದಲು ದೇಶ ನೋಡಿ, ಆಮೇಲೆ ಕೋರ್ಸು ಆರಿಸಿ, ದುಡ್ಡು ಕಟ್ಟುವುದು ಕೊನೆಗೆ.

ನಿಮ್ಮ ಪಾಸ್‌ಪೋರ್ಟಿಗೆ ಯಾವ ಬಾಗಿಲು ತೆರೆದಿದೆ?

ಜಾಹೀರಾತು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ದಕ್ಷಿಣ ಕೊರಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವುದು ಇ-2 ವೀಸಾ. ಅದು ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ. ಭಾರತದವರಿಗೆ ಒಂದು ಕಿರುಬಾಗಿಲಿದೆ. 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ-ಕೊರಿಯಾ ಸಮಗ್ರ ಆರ್ಥಿಕ ಪಾಲುದಾರಿಕೆ (ಸೆಪಾ) ಒಪ್ಪಂದದಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಿಗೂ ಜಾಗ ಕೊಟ್ಟಿದ್ದಾರೆ. ಆದರೆ ಅದು ಓದಿನ ಜೊತೆಗೆ ಶಿಕ್ಷಕ ಅರ್ಹತೆಯೂ ಇರುವವರಿಗೆ. ಬರೀ ಟೆಫ್ಲ್ ಹಿಡಿದು ಹೋದವರಿಗೆ ಅಲ್ಲಿ ಜಾಗವಿಲ್ಲ.

ಚೀನಾದ ಲೆಕ್ಕ ಬೇರೆ. ವಿದೇಶಿ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು ಎಂಬುದು ಅಲ್ಲಿನ ನಿಯಮ. ಹಾಗಾಗಿ ಭಾರತದ ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸದ ಪರವಾನಗಿ ಸಿಗುವುದು ಬಹಳ ಕಷ್ಟ. "ಮನೆಯಲ್ಲೇ ಕೂತು ಚೀನೀ ಮಕ್ಕಳಿಗೆ ಆನ್‌ಲೈನ್ ಪಾಠ" ಎಂಬ ಜಾಹೀರಾತು ಈಗಲೂ ಓಡಾಡುತ್ತಿದೆ. ಆದರೆ ಹೊರದೇಶದಲ್ಲಿ ಕೂತ ಶಿಕ್ಷಕರಿಂದ ಮಕ್ಕಳಿಗೆ ಟ್ಯೂಷನ್ ಹೇಳಿಸುವುದನ್ನು ಚೀನಾ ಸರ್ಕಾರ 2021ರ ಜುಲೈನಲ್ಲೇ ನಿಷೇಧಿಸಿದೆ. ಆ ಕಾಲದ ದೊಡ್ಡ ದೊಡ್ಡ ಕಂಪನಿಗಳೇ ಆ ವ್ಯಾಪಾರ ಬಿಟ್ಟವು.

ಥಾಯ್ಲೆಂಡಿನ ಶಾಲೆಗಳಲ್ಲಿ ಭಾರತೀಯರಿಗೆ ಕೆಲಸ ಸಿಗುತ್ತದೆ, ನಿಜ. ಬೇಕಾದದ್ದು ಪದವಿ, ನಾನ್-ಇಮಿಗ್ರಂಟ್ ಬಿ ವೀಸಾ, ಕೆಲಸದ ಪರವಾನಗಿ, ಅಲ್ಲಿನ ಶಿಕ್ಷಕರ ಮಂಡಳಿಯ ಲೈಸೆನ್ಸು ಅಥವಾ ತಾತ್ಕಾಲಿಕ ಅನುಮತಿ. ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶದವರಿಂದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ, ಸಾಮಾನ್ಯವಾಗಿ 600ಕ್ಕೆ ಕಡಿಮೆ ಇರಬಾರದು. "ಟೂರಿಸ್ಟ್ ಆಗಿ ಹೋಗಿ, ಅಲ್ಲಿ ವೀಸಾ ಬದಲಾಯಿಸಿಕೊಳ್ಳೋಣ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವುದು ಅಪರಾಧ. ಸಿಕ್ಕಿಬಿದ್ದಾಗ ಜೈಲಿಗೆ ಹೋಗುವುದು ನೀವು, ಏಜೆಂಟಲ್ಲ.

ವಿಯೆಟ್ನಾಮಿನಲ್ಲಿ ಪದವಿಯ ಜೊತೆ ಬೋಧನೆಯ ಸರ್ಟಿಫಿಕೇಟು, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ, ಕೆಲಸದ ಪರವಾನಗಿ ಇಷ್ಟೂ ಬೇಕು. ಒಳ್ಳೆಯ ಕೋರ್ಸಿಗೆ ನಿಜವಾಗಿ ಬೆಲೆ ಬರುವುದು ಇಂಥ ಕಡೆಯ ಭಾಷಾ ಕೇಂದ್ರಗಳಲ್ಲಿ. ಕೊಲ್ಲಿ ದೇಶಗಳ ಶಾಲೆಗಳು, ಅದರಲ್ಲೂ ಸಿಬಿಎಸ್‌ಇ ಶಾಲೆಗಳು, ಮೊದಲು ಕೇಳುವುದು ಬಿ.ಎಡ್., ವಿಷಯದ ಪದವಿ, ಅನುಭವ. ನಿಮ್ಮ ಗುರಿ ದುಬೈ ಅಥವಾ ಮಸ್ಕತ್ ಆಗಿದ್ದರೆ ಟೆಫ್ಲ್‌ಗೆ ಸುರಿಯುವ ದುಡ್ಡನ್ನು ಬಿ.ಎಡ್.ಗೆ ಹಾಕಿ. ಅದು ಇಲ್ಲೂ ಅನ್ನ ಕೊಡುತ್ತದೆ, ಅಲ್ಲೂ ಕೊಡುತ್ತದೆ.

ಇನ್ನೊಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. ನೇಟಿವ್ ಸ್ಪೀಕರ್ ಎಂಬ ಹೆಸರಿನಲ್ಲಿ ಬಿಳಿ ಚರ್ಮಕ್ಕೆ ಹೆಚ್ಚು ಸಂಬಳ, ನಮಗೆ ಕಡಿಮೆ ಸಂಬಳ ಕೊಡುವ ಕಡೆಗಳಿವೆ. ಇದು ಅನ್ಯಾಯ. ಜಾಹೀರಾತಿನ ಸಂಬಳ ಯಾರಿಗೆ ಕೊಡುವ ಸಂಬಳ ಎಂದು ಬರಹದಲ್ಲೇ ಕೇಳಿ.

ಕೋರ್ಸಿನ ಒಳಗೆ ಏನಿದೆ?

ಈ ವ್ಯವಹಾರದಲ್ಲಿ ಇಡೀ ಜಗತ್ತಿಗೆ ಒಂದೇ ಮಂಡಳಿ ಎಂಬುದಿಲ್ಲ. ಯಾರು ಬೇಕಾದರೂ ಕೋರ್ಸು ಮಾಡಬಹುದು. ಇನ್ಯಾರೋ ಒಂದು ಕಂಪನಿ ತೆರೆದು ಆ ಕೋರ್ಸಿಗೆ ಮಾನ್ಯತೆಯ ಮೊಹರು ಒತ್ತಬಹುದು. ಪುಟದ ಅಡಿಯಲ್ಲಿ ಸಾಲಾಗಿ ನಿಂತ ಲಾಂಛನಗಳನ್ನು ನೋಡಿ ಮರುಳಾಗಬೇಡಿ. ಎಂಎಸ್‌ಎಂಇ ನೋಂದಣಿ ಎಂದರೆ ಅದೊಂದು ವ್ಯಾಪಾರ ಎಂದು ನೋಂದಾಯಿಸಿಕೊಂಡಿದ್ದಾರೆ ಎಂದಷ್ಟೇ ಅರ್ಥ. ಐಎಸ್‌ಒ 9001 ಇದ್ದರೆ ಕಚೇರಿಯ ಕೆಲಸದ ಕ್ರಮಕ್ಕೆ ಸಿಕ್ಕ ಪ್ರಮಾಣಪತ್ರ, ಪಾಠದ ಗುಣಮಟ್ಟಕ್ಕಲ್ಲ. ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆಯೂ ಕಾಗದದ ಮೇಲಿನ ಸಹಿ ಮತ್ತು ಮೊಹರು ಅಸಲಿ ಎಂದಷ್ಟೇ ಹೇಳುತ್ತದೆ. "ಭಾರತ ಸರ್ಕಾರದ ಮಾನ್ಯತೆ ಪಡೆದ ಟೆಫ್ಲ್" ಎಂದು ಈ ಮುದ್ರೆಗಳನ್ನು ತೋರಿಸುವವರು ನಿಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಲಾಟಿನಿಂದ ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಅನುಮಾನ ಬಂದರೆ ಕತ್ತರಿಸಿ ನೋಡಿದ ಮೇಲೆ ಬೆಲೆ ಹಾಕುತ್ತಾರೆ. ಕೋರ್ಸನ್ನೂ ಹಾಗೇ ಬಿಚ್ಚಿ ನೋಡಿ. ಇಂಗ್ಲೆಂಡಿನ ಅರ್ಹತಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ನಿಯಂತ್ರಣದಲ್ಲಿದೆ ಎಂದು ಹೇಳಿಕೊಂಡರೆ ಅದಕ್ಕೊಂದು ಅರ್ಹತಾ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಕೇಳಿ ಪಡೆದು ಆಫ್‌ಕ್ವಾಲ್‌ನ ರಿಜಿಸ್ಟರಿನಲ್ಲಿ ಹುಡುಕಿ. ಅದು ಎಲ್ಲರಿಗೂ ತೆರೆದಿದೆ, ಮೊಬೈಲಿನಲ್ಲೇ ಸಿಗುತ್ತದೆ, ಕಾಸು ಬೇಡ. ಸಂಖ್ಯೆ ಕೊಡಲು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿದ ಹಾಗೇ.

ಎಲ್ಲ ಕಡೆ ಗುರುತಿರುವ ಹೆಸರುಗಳು ಎರಡು: ಕೇಂಬ್ರಿಜ್‌ನ ಸೆಲ್ಟಾ ಮತ್ತು ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್-ಟೀಸಾಲ್. ಎರಡೂ ಆಫ್‌ಕ್ವಾಲ್‌ನ ಐದನೇ ಹಂತದವು. ಸೆಲ್ಟಾಕ್ಕೆ ಕನಿಷ್ಠ 120 ಗಂಟೆ, ಟ್ರಿನಿಟಿಗೆ 130. ಸೆಲ್ಟಾವನ್ನು ಈಗ ಪೂರ್ತಿ ಆನ್‌ಲೈನಿನಲ್ಲೂ ಮಾಡಬಹುದು. ಸೆಲ್ಟಾದ ಶುಲ್ಕ ಮಾತ್ರ ಲಕ್ಷ ರೂಪಾಯಿಗೂ ಮೀರುತ್ತದೆ. ಅಗ್ಗದ ಕೋರ್ಸಿನವರೂ 120 ಗಂಟೆ ಎಂದೇ ಬರೆಯುತ್ತಾರಲ್ಲ, ವ್ಯತ್ಯಾಸ ಏನು ಎಂದು ನೀವು ಕೇಳಬೇಕು.

ವ್ಯತ್ಯಾಸ ಇರುವುದು ಆರು ಗಂಟೆಯಲ್ಲಿ. ಈ ಎರಡೂ ಕೋರ್ಸುಗಳಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ನೀವು ಆರು ಗಂಟೆ ಪಾಠ ಮಾಡಲೇಬೇಕು. ತರಬೇತುದಾರರು ಕೂತು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಮುಗಿದ ಮೇಲೆ ನಿಮ್ಮನ್ನು ಕೂರಿಸಿಕೊಂಡು ಒಂದೊಂದಾಗಿ ಹೇಳುತ್ತಾರೆ.

ಆ ಒಂದು ಪಾಠ ಹೇಗಿರುತ್ತದೆ ನೋಡಿ. ನಲವತ್ತು ನಿಮಿಷದ ತರಗತಿ. "ಯೆಸ್ಟರ್‌ಡೇ ಐ ಹ್ಯಾವ್ ಗಾನ್" ಯಾಕೆ ತಪ್ಪು ಎಂದು ಹೇಳಿಕೊಡಬೇಕು. ನಮ್ಮಲ್ಲಿ ಕಲಿತವರು ಏನು ಮಾಡುತ್ತೇವೆ? ಬೋರ್ಡಿನ ಮೇಲೆ ಸೂತ್ರ ಬರೆದು, ಎರಡು ಉದಾಹರಣೆ ಕೊಟ್ಟು, "ಅರ್ಥವಾಯಿತಾ?" ಎನ್ನುತ್ತೇವೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಕ್ಕೆ ಹೋಗುತ್ತೇವೆ. ನೋಡುತ್ತಾ ಕೂತ ತರಬೇತುದಾರರು ಕೊನೆಗೆ ಎರಡು ಪ್ರಶ್ನೆ ಹಾಕುತ್ತಾರೆ: ಇಷ್ಟು ಹೊತ್ತಿನಲ್ಲಿ ವಿದ್ಯಾರ್ಥಿಗಳು ಎಷ್ಟು ನಿಮಿಷ ಮಾತಾಡಿದರು? ಮೂಲೆಯಲ್ಲಿ ಕೂತವನಿಗೆ ತಿಳಿಯಿತು ಎಂದು ನಿಮಗೆ ಹೇಗೆ ಗೊತ್ತಾಯಿತು? ಮುಂದಿನ ಪಾಠದಲ್ಲಿ ನೀವು "ಅರ್ಥವಾಯಿತಾ?" ಬಿಟ್ಟು, "ಇದು ನಡೆದದ್ದು ಯಾವಾಗ? ಅದು ಮುಗಿಯಿತೇ, ಇನ್ನೂ ನಡೆಯುತ್ತಿದೆಯೇ?" ಎಂದು ಕೇಳಲು ಕಲಿಯುತ್ತೀರಿ. ವಿದ್ಯಾರ್ಥಿಗಳನ್ನು ಜೋಡಿ ಮಾಡಿ ಮಾತಿಗೆ ಬಿಟ್ಟು, ನೀವು ಸುಮ್ಮನಿದ್ದು ಕಿವಿಗೊಡಲು ಕಲಿಯುತ್ತೀರಿ. ವೀಡಿಯೊ ನೋಡಿ ಸರಿಯುತ್ತರಕ್ಕೆ ಗುರುತು ಹಾಕುವ ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಏಕೆಂದರೆ ನಿಮ್ಮ ಪಾಠವನ್ನು ಅಲ್ಲಿ ಯಾರೂ ನೋಡುವುದೇ ಇಲ್ಲ. ಹನೋಯಿಯ ಭಾಷಾ ಕೇಂದ್ರದವರು ಸಂದರ್ಶನದಲ್ಲಿ "ಒಂದು ಪಾಠ ಮಾಡಿ ತೋರಿಸಿ" ಎಂದಾಗ ಈ ಕೊರತೆ ಬಯಲಾಗುತ್ತದೆ.

ಆದ್ದರಿಂದ ಯಾವ ಕೋರ್ಸಿನವರನ್ನಾದರೂ ಮೊದಲು ಕೇಳಬೇಕಾದದ್ದು ಇದು: ನನ್ನ ಪಾಠವನ್ನು ಯಾರು, ಎಷ್ಟು ಗಂಟೆ ನೋಡುತ್ತಾರೆ? ಅವರ ವಿದ್ಯಾರ್ಹತೆ ಏನು? ನಾನು ಪಾಠ ಮಾಡುವುದು ನಿಜವಾದ ಕಲಿಯುವವರಿಗೋ, ಜೊತೆಯ ಅಭ್ಯರ್ಥಿಗಳಿಗೋ? ಸರ್ಟಿಫಿಕೇಟಿನಲ್ಲಿ ಆ ಗಂಟೆಗಳನ್ನು ಬರೆದುಕೊಡುತ್ತೀರಾ? ಅರ್ಧಕ್ಕೆ ಬಿಟ್ಟರೆ ದುಡ್ಡು ವಾಪಸು ಬರುತ್ತದೆಯೇ? ಫೋನಿನಲ್ಲಿ ಕೇಳಬೇಡಿ. ಇ-ಮೇಲಿನಲ್ಲಿ ಕೇಳಿ, ಇ-ಮೇಲಿನಲ್ಲೇ ಉತ್ತರ ಪಡೆಯಿರಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ತಲೆ ತಗ್ಗಿಸಬೇಡಿ. ಇನ್ನೊಂದು ಭಾಷೆಯಿಂದ ಇಂಗ್ಲಿಷಿಗೆ ಏದುಸಿರು ಬಿಡುತ್ತಾ ಹತ್ತಿದವರಿಗೆ ಮೆಟ್ಟಿಲು ಎಲ್ಲಿ ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತು. ನಾವು ಬಸ್, ಬುಕ್‌ಗಳ ಕೊನೆಗೆ ಉಕಾರ ಸೇರಿಸುತ್ತೇವೆ. ವಿಯೆಟ್ನಾಮಿನವರು ಪದದ ಕೊನೆಯ ವ್ಯಂಜನವನ್ನೇ ನುಂಗುತ್ತಾರೆ. ಅರಬ್ಬಿ ಮಾತಾಡುವವರಿಗೆ ಪಕಾರ ಬಕಾರವಾಗುತ್ತದೆ. ನಿಮ್ಮ ನಾಲಿಗೆಯನ್ನು ತಿದ್ದಿಕೊಂಡ ಕಷ್ಟವೇ ಅವರ ನಾಲಿಗೆಯನ್ನು ತಿದ್ದಲು ನಿಮಗೆ ತಾಳ್ಮೆ ಕೊಡುತ್ತದೆ. ಆದರೆ ತಿದ್ದಿಕೊಂಡಿರಬೇಕು. ಒಂದು ಪುಟ ಇಂಗ್ಲಿಷನ್ನು ತಡವರಿಸದೆ ಓದಲು, ತಪ್ಪಿಲ್ಲದೆ ಬರೆಯಲು ಬರದಿದ್ದರೆ ಈಗಲೇ ಯಾವ ಬೋಧನಾ ಕೋರ್ಸಿಗೂ ಸೇರಬೇಡಿ. ಮೊದಲು ಭಾಷೆ ಗಟ್ಟಿ ಮಾಡಿಕೊಳ್ಳಿ.

ಲಕ್ಷ ಇಲ್ಲದಿದ್ದರೆ?

ನಮ್ಮ ಮನೆ ಬಾಗಿಲಲ್ಲೇ ಇರುವುದನ್ನು ನಾವು ನೋಡುವುದಿಲ್ಲ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವಾಗ ಆ ಕಡೆಯಿಂದಲೇ ಹಾದು ಹೋಗುತ್ತೀರಿ. 1963ರಲ್ಲಿ ಶುರುವಾಗಿ ಇಂದಿನವರೆಗೂ ದಕ್ಷಿಣದ ರಾಜ್ಯಗಳ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುತ್ತಿದೆ. ನಿಮ್ಮೂರ ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರು ಅಲ್ಲಿ 30 ದಿನಗಳ ತರಬೇತಿ ಮುಗಿಸಿ ಬಂದವರಿರಬಹುದು. ಹೋಗಿ ಕೇಳಿ: "ಸಾರ್, ಅಲ್ಲಿ ಏನು ಕಲಿಸಿದರು? ನನ್ನ ಪಾಠ ಒಂದು ದಿನ ನೋಡುತ್ತೀರಾ?" ಸಾವಿರಗಟ್ಟಲೆ ಸುರಿದರೂ ಅಗ್ಗದ ಕೋರ್ಸಿನವರು ಕೊಡದಿರುವುದು ಆ ಮೇಷ್ಟ್ರ ಬಳಿ ಬಿಟ್ಟಿಯಾಗಿ ಸಿಗುತ್ತದೆ.

ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಇದೆ. ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟು, ಡಿಪ್ಲೊಮಾಗಳಿಗೆ ಅದು ಹೆಸರಾದದ್ದು. ದೂರಶಿಕ್ಷಣದಲ್ಲಿ ಈ ಸಲ ಪ್ರವೇಶ ಕರೆದಿದ್ದಾರೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ. ಇಗ್ನೋದಲ್ಲಿ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಆರು ತಿಂಗಳ ಸರ್ಟಿಫಿಕೇಟು ಕೋರ್ಸಿದೆ, ಶುಲ್ಕ ಕೆಲವೇ ಸಾವಿರ. ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್ ಇಂಗ್ಲಿಷ್ ಜಾಲತಾಣದಲ್ಲಿ ಉಚಿತ ತರಬೇತಿಗಳಿವೆ. ಇಗ್ನೋ ಸರ್ಟಿಫಿಕೇಟನ್ನು ಹೆಸರು ಹಿಡಿದು ಕೇಳುವ ವಿದೇಶಿ ಶಾಲೆ ಅಪರೂಪ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಅಷ್ಟು ಕಡಿಮೆ ದುಡ್ಡಿನಲ್ಲಿ ತಿಳಿಯುತ್ತದೆ. ಆಮೇಲೆ ಬೇಕಾದರೆ ಸೆಲ್ಟಾಕ್ಕೆ ಸಾಲ ಮಾಡಿ, ಆ ಸಾಲಕ್ಕೆ ಒಂದು ಅರ್ಥ ಇರುತ್ತದೆ.

ಕಾಗದ ಪತ್ರ

ಕೋರ್ಸಿಗಿಂತ ಮೊದಲು ಇದನ್ನು ಶುರು ಮಾಡಿ, ಏಕೆಂದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಹೆಸರು ಹಿಂದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಉದ್ದವಾಗಿರುವುದು ನಮ್ಮ ಕಡೆ ಮನೆಮನೆಯ ಕತೆ. ಹೊರದೇಶದ ಕಚೇರಿಗೆ ಅದು ಮೂರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಎಲ್ಲ ಕಡೆ ಇರಲಿ, ಕೋರ್ಸಿನ ಸರ್ಟಿಫಿಕೇಟಿನಲ್ಲೂ. ಪದವಿಯ ಪ್ರೊವಿಷನಲ್ ಸರ್ಟಿಫಿಕೇಟು ಇಟ್ಟುಕೊಂಡು ಸುಮ್ಮನಿರುವವರು ಬಹಳ ಜನ. ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಇವತ್ತೇ ಅರ್ಜಿ ಹಾಕಿ. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಆ ಒಪ್ಪಂದಕ್ಕೆ ಸೇರದ ದೇಶಗಳಿಗೆ ಅವರ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಹಾಗಾಗಿ ಇಲ್ಲೂ ಮೊದಲು ದೇಶವನ್ನೇ ನೋಡಬೇಕು.

ಕೋರ್ಸಿನ ಜೊತೆ ಕೆಲಸವೂ ಗ್ಯಾರಂಟಿ ಎಂದರೆ

ಕೋರ್ಸು ಮಾರುವವರು ಹೊರದೇಶದ ಕೆಲಸವನ್ನೂ ಕೊಡಿಸುತ್ತೇವೆ ಎಂದ ಕೂಡಲೇ ಅವರು ನೇಮಕಾತಿ ಏಜೆಂಟರಾಗುತ್ತಾರೆ. 1983ರ ವಲಸೆ ಕಾಯ್ದೆಯ ಪ್ರಕಾರ ಅವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕೇಳುವವರು ಕಾನೂನು ಮುರಿಯುತ್ತಿದ್ದಾರೆ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲೇ ಇದೆ. ಖಾಸಗಿ ಏಜೆಂಟನ ಕಡೆ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್ ಮೂಲಕ ವಾಪಸು ಕರೆತರಬೇಕಾಯಿತು. ಇಂಥವರಲ್ಲಿ ಹಲವರಿಗೆ ತೋರಿಸಿದ ಆಸೆ ಕಂಪ್ಯೂಟರ್ ಕೆಲಸದ್ದು. ಇಂಗ್ಲಿಷ್ ಮೇಷ್ಟ್ರ ಕೆಲಸ ಎಂದು ಹೆಸರು ಬದಲಾಯಿಸಲು ಎಷ್ಟು ಹೊತ್ತು ಬೇಕು? ಶಾಲೆಯ ಹೆಸರು, ವಿಳಾಸ, ಒಪ್ಪಂದದ ಪ್ರತಿ, ಕೆಲಸದ ವೀಸಾ ಈ ನಾಲ್ಕೂ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ. ಅಮ್ಮಂದಿರೇ, ಮಗಳು ಮಗ ಅವಸರ ಮಾಡಿದರೂ ನೀವು ಈ ಒಂದು ಮಾತಿಗೆ ಗಟ್ಟಿಯಾಗಿ ನಿಲ್ಲಿ.

ಈ ವಾರ ಮಾಡಬೇಕಾದದ್ದು

ಒಬ್ಬೊಬ್ಬರೇ ಮೊಬೈಲಿನ ಮುಂದೆ ಕೂತು ನಿರ್ಧರಿಸುವುದನ್ನು ನಿಲ್ಲಿಸೋಣ. ನಿಮ್ಮೂರಲ್ಲಿ ಈ ಆಸೆ ಇರುವ ನಾಲ್ಕೈದು ಜನ ಸೇರಿ. ಬಂದಿರುವ ಜಾಹೀರಾತು, ಇ-ಮೇಲು, ಶುಲ್ಕದ ಪಟ್ಟಿ ಎಲ್ಲ ಮುದ್ರಿಸಿಕೊಂಡು ಗ್ರಂಥಾಲಯದಲ್ಲೋ ಶಾಲೆಯ ಜಗುಲಿಯಲ್ಲೋ ಒಟ್ಟಿಗೆ ಕೂತು ಮೇಲಿನ ಪ್ರಶ್ನೆಗಳನ್ನು ಒಂದೊಂದಕ್ಕೂ ಹಾಕಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಸಂಜೆ ಹೊತ್ತು ಏಳನೇ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ. ಒಬ್ಬರು ಪಾಠ ಮಾಡಲಿ, ಉಳಿದವರು ಹಿಂದೆ ಕೂತು ಬರೆದುಕೊಳ್ಳಲಿ. ಮಕ್ಕಳಿಗೂ ಪ್ರಯೋಜನ, ನಿಮಗೂ ಅನುಭವ.

ಪದವಿ ಕಾಲೇಜುಗಳಲ್ಲಿ ಇರುವವರು ಪ್ರಾಂಶುಪಾಲರಿಗೆ ಸಹಿ ಹಾಕಿದ ಅರ್ಜಿ ಕೊಡಿ. ಹೊರದೇಶದ ಕೆಲಸದ ಭರವಸೆ ಕೊಡುವ ಯಾವ ಕಂಪನಿಯೇ ಬರಲಿ, ಇ-ಮೈಗ್ರೇಟ್ ನೋಂದಣಿ ತೋರಿಸದೆ ಕಾಲೇಜಿನ ಸಭಾಂಗಣದಲ್ಲಿ ಮೈಕು ಕೊಡಬಾರದು ಎಂದು ಕೇಳಿ. ಇಂಗ್ಲಿಷ್ ವಿಭಾಗದವರಿಂದ ತಿಂಗಳಿಗೊಮ್ಮೆಯಾದರೂ ಬೋಧನಾ ಅಭ್ಯಾಸದ ತರಗತಿ ನಡೆಸಿಸಿ ಎಂದು ಕೇಳಿ. ಇದು ಭಿಕ್ಷೆಯಲ್ಲ, ನಿಮ್ಮ ಹಕ್ಕು.

ಐಜೂರು ವೃತ್ತ, ಚನ್ನಪಟ್ಟಣದ ಬಸ್ ನಿಲ್ದಾಣ, ಕನಕಪುರದ ಚನ್ನಬಸಪ್ಪ ವೃತ್ತ, ಮಾಗಡಿಯ ಕಲ್ಯಾಗೇಟ್ ಎಲ್ಲೇ ಈ ಕರಪತ್ರ ನಿಮ್ಮ ಕೈಗೆ ಬಂದಿರಲಿ, ಓದಿದ ಮೇಲೆ ಇನ್ನೊಬ್ಬರಿಗೆ ದಾಟಿಸಿ, ಹಾರೋಹಳ್ಳಿಯ ಕಡೆಯವರಿಗೂ ತಲುಪಿಸಿ, ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ.

ದುಡ್ಡು ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹೋದ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹೇಳಿದ ಕೋರ್ಸು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂಪನಿ ದೆಹಲಿಯಲ್ಲಿರಲಿ, ಕೋಲ್ಕತ್ತಾದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ವಿದೇಶದ ಕೆಲಸ ಕೊಡಿಸುವ ಏಜೆಂಟರ ಬಗ್ಗೆ ಅನುಮಾನ ಬಂದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರ 1800 11 3090. ರಸೀದಿ, ಸಂದೇಶ, ಇ-ಮೇಲು ಯಾವುದನ್ನೂ ಅಳಿಸಬೇಡಿ.